ಒಂದೂ ಫೋಟೋ ಇಲ್ಲ

ಹೋದ ತಿಂಗಳು ಅಕ್ಕನ ಮೊಮ್ಮಗ ಮನೆಗೆ ಬಂದಿದ್ದ. ಏಳನೇ ಕ್ಲಾಸಿನ ಹುಡುಗ, ಕಣ್ಣು ಚುರುಕು. ಹಾಲ್‌ನ ಗೋಡೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದ. ಯೇಸುಸ್ವಾಮಿಯ ಪಟ, ಅದರ ಕೆಳಗೆ ಪುಟ್ಟ ಕೆಂಪು ದೀಪ. ಪಕ್ಕದಲ್ಲಿ ನಮ್ಮ ಅತ್ತೆ-ಮಾವ. ಆಮೇಲೆ ಸಾಲಾಗಿ ಸ್ಕೂಲಿನ ಗ್ರೂಪ್ ಫೋಟೋಗಳು. ಎಲ್ಲದರಲ್ಲೂ ಮುಂದೆ ಟ್ರೋಫಿ, ಹಿಂದೆ ಮಕ್ಕಳು, ತುದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತ ನಾನು.

"ತಾತ, ಮೂವತ್ತು ವರ್ಷ ಕೋಚ್ ಆಗಿದ್ರಲ್ಲ. ಫೇಮಸ್ ಆಗಿರೋರ ಜೊತೆ ಒಂದೂ ಫೋಟೋ ಇಲ್ವಾ?"

"ಇಲ್ಲ ಕಣೋ."

"ಒಬ್ರೂ ಸಿಕ್ಕೇ ಇಲ್ವಾ?"

ಸಿಕ್ಕಿದ್ದಾರೆ ಅಂದೆ. ಅವನು ನಂಬಲಿಲ್ಲ. ಫೋಟೋ ಇಲ್ಲ ಅಂದರೆ ನಡೆದೇ ಇಲ್ಲ ಅಂತ ಅವನ ಲೆಕ್ಕ. ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಮಲಗಿಕೊಂಡೇ ಎಣಿಸಿದೆ. ಯಾರು ಯಾರು ಸಿಕ್ಕಿದ್ದರು, ಎಲ್ಲಿ, ಏನಾಯಿತು? ಎಣಿಸುತ್ತಾ ಹೋದಂತೆ ಒಂದು ವಿಷಯ ಕಾಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಬೆಳಿಗ್ಗೆ ಐದೂವರೆಗೆ ಗ್ರೌಂಡು, ಸಂಜೆ ನಾಲ್ಕಕ್ಕೆ ಮತ್ತೆ ಗ್ರೌಂಡು. ನಡುವೆ ಸುಣ್ಣದಲ್ಲಿ ಲೈನ್ ಎಳೆಯೋದು, ಸ್ಪೈಕ್ಸ್ ಹರಿದರೆ ಹೊಲಿಸೋದು, ಡಿಡಿಪಿಐ ಆಫೀಸಿಗೆ ಎಂಟ್ರಿ ಫಾರಂ ಹೊತ್ತುಕೊಂಡು ಹೋಗೋದು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ. ಗ್ರೌಂಡಿಗೂ ಚರ್ಚಿಗೂ ಆಗಾಗ ತಿಕ್ಕಾಟ ಬರುತ್ತಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎಲ್ಲರಿಗಿಂತ ಫೇಮಸ್ ಆದವನ ಕಥೆ ಮುಗಿಸಿಬಿಡುತ್ತೇನೆ. ಅದರಲ್ಲಿ ಹೇಳೋದು ಜಾಸ್ತಿ ಏನಿಲ್ಲ.

2014ರ ಸೆಪ್ಟೆಂಬರ್ 2ರಂದು ಉಸೇನ್ ಬೋಲ್ಟ್ ಬೆಂಗಳೂರಿಗೆ ಬಂದಿದ್ದ. ಒಂದು ಶೂ ಕಂಪನಿಯ ಕಾರ್ಯಕ್ರಮ. ಹೇಗೋ ಪಾಸು ಹೊಂದಿಸಿಕೊಂಡು ಆರು ಮಕ್ಕಳನ್ನು ಬೆಳಗಿನ ರೈಲಿನಲ್ಲಿ ಕರೆದುಕೊಂಡು ಹೋದೆ. ಜಗತ್ತಿನಲ್ಲೇ ಜೋರಾಗಿ ಓಡುವ ಮನುಷ್ಯ ನಮ್ಮ ರಾಜಧಾನಿಗೆ ಬಂದು ಏನು ಮಾಡಿದ ಗೊತ್ತಾ? ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕ್ರಿಕೆಟ್ ಆಡಿದ! ಸಿಕ್ಸರ್ ಹೊಡೆದ, ಯುವರಾಜ್ ಸಿಂಗ್ ಟೀಮನ್ನು ಸೋಲಿಸಿದ, ಆಮೇಲೆ ಅದೇ ಯುವರಾಜ್ ಜೊತೆ ತಮಾಷೆಗೆ ಒಂದು ಓಟ ಓಡಿದ. ಜನ ಹುಚ್ಚೆದ್ದು ಕುಣಿದರು. ನಾವು ಕೂತಿದ್ದ ಜಾಗದಿಂದ ಬೋಲ್ಟ್ ನನ್ನ ಹೆಬ್ಬೆರಳಿನಷ್ಟು ಕಾಣುತ್ತಿದ್ದ.

ಬರ್ಲಿನ್‌ನಲ್ಲಿ 2009ರಲ್ಲಿ 9.58 ಸೆಕೆಂಡಿನಲ್ಲಿ ಓಡಿದಾಗ ಅವನು ನೂರು ಮೀಟರಿಗೆ ಇಟ್ಟಿದ್ದು 41 ಹೆಜ್ಜೆ. ನಮ್ಮ ಹೈಸ್ಕೂಲು ಹುಡುಗರು ಐವತ್ತರ ಮೇಲೆ ಇಡುತ್ತಾರೆ. ಆ ಹೆಜ್ಜೆ ಮಕ್ಕಳಿಗೆ ಹತ್ತಿರದಿಂದ ಕಾಣಲಿ ಅನ್ನೋದಷ್ಟೇ ನನ್ನ ಆಸೆಯಾಗಿತ್ತು. ಕಂಡಿದ್ದು ಬ್ಯಾಟು.

ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಕಬ್ಬನ್ ಪಾರ್ಕ್ ಒಳಗಿಂದ ನಡೆಸಿಕೊಂಡು ಕಂಠೀರವ ಸ್ಟೇಡಿಯಂಗೆ ಹೋದೆ. ನಡೆದರೆ ಹದಿನೈದು ನಿಮಿಷ. ಅಲ್ಲಿ ಎಂದಿನ ಹಾಗೆ ಪ್ರಾಕ್ಟೀಸ್ ನಡೆಯುತ್ತಿತ್ತು. ಒಬ್ಬಳು ಹರ್ಡಲ್ಸ್ ಜೋಡಿಸುತ್ತಿದ್ದಳು. ಇಬ್ಬರು ಹುಡುಗರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ನೋಡುವವರು ನಾವು ಏಳು ಜನ. ಬೋಲ್ಟ್ ಅಷ್ಟು ದೂರದಿಂದ ಬಂದು, ಟ್ರ್ಯಾಕಿಗೆ ಹದಿನೈದು ನಿಮಿಷದ ದೂರದಲ್ಲೇ ನಿಂತು ವಾಪಸ್ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ ಬಿಡಿ. ಕರೆದವರು ಎಲ್ಲಿಗೆ ಕರೆಯುತ್ತಾರೋ ಅಲ್ಲಿಗೆ ಬರುತ್ತಾನೆ. ಕೆಜಿಎಫ್‌ನಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐಯಲ್ಲಿ ಕೆಲಸ ಮಾಡುತ್ತಾ, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿ ಬಂದ ಕೆನೆತ್ ಪೊವೆಲ್ 2022ರಲ್ಲಿ ತೀರಿಕೊಂಡಾಗ ನಮ್ಮ ಗ್ರೌಂಡಿನ ಒಂದು ಮಗುವಿಗೂ ಆ ಹೆಸರು ಗೊತ್ತಿರಲಿಲ್ಲ. ಯಾರು ಫೇಮಸ್ ಅನ್ನೋದೂ ಒಂದು ವಿಚಿತ್ರ ವ್ಯವಹಾರ.

ಇನ್ನೊಬ್ಬರು ಸಿಕ್ಕಿದ್ದು ರೈಲಿನಲ್ಲಿ. ಅದು ಬೇರೆ ತರಹದ ಭೇಟಿ.

2003. ಧಾರವಾಡದಲ್ಲಿ ಶಾಲಾ ಕ್ರೀಡಾಕೂಟ ಮುಗಿಸಿ ರಾತ್ರಿ ರೈಲಿನಲ್ಲಿ ಮೈಸೂರಿಗೆ ಹೊರಟಿದ್ದೆವು. ನಾಲ್ಕು ನೂರು ಮೀಟರ್ ರಿಲೇಯಲ್ಲಿ ನಮ್ಮ ಹುಡುಗರು ಮೂರನೇ ಲೆಗ್‌ವರೆಗೆ ಮುಂದಿದ್ದರು. ಕೊನೆಯ ಚೇಂಜ್‌ನಲ್ಲಿ ಬ್ಯಾಟನ್ ಬಿತ್ತು. ಅದು ಟಣ್ ಅಂತ ಬಿದ್ದು ಪಕ್ಕದ ಲೇನಿಗೆ ಉರುಳಿಕೊಂಡು ಹೋಗಿದ್ದು ಈಗಲೂ ಕಿವಿಯಲ್ಲಿದೆ. ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕೊನೆಗೆ ಓಡಬೇಕಿದ್ದ ಹುಡುಗ ಮೇಲಿನ ಬರ್ತ್‌ನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದ. ತಂದಿದ್ದ ಚಪಾತಿ ಪೊಟ್ಟಣ ಬಿಚ್ಚಿರಲಿಲ್ಲ.

ಹುಬ್ಬಳ್ಳಿಯಲ್ಲಿ ಒಬ್ಬ ವಯಸ್ಸಾದವರು ಹತ್ತಿದರು. ತಲೆಗೆ ಮಫ್ಲರ್ ಸುತ್ತಿದ್ದರು, ಕೈಯಲ್ಲೊಂದು ಬಟ್ಟೆ ಚೀಲ. ಜೊತೆಗೆ ಒಬ್ಬ ಹುಡುಗ, ಸಹಾಯಕ್ಕೆ ಇರಬೇಕು. ಎದುರು ಸೀಟಿನಲ್ಲಿ ಕೂತು ಮಕ್ಕಳ ಮುಖ ನೋಡಿದರು.

"ಯಾಕ್ ಮೇಷ್ಟ್ರೇ, ಮಕ್ಕಳೆಲ್ಲ ಸಪ್ಪಗವ್ರೆ?"

ಹೇಳಿದೆ. ಧ್ವನಿ ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಅಂತ ಹೊಳೆಯಲಿಲ್ಲ. ಅವರು ಮೇಲಿನ ಬರ್ತ್ ಹುಡುಗನ ಕಾಲು ಮೆಲ್ಲಗೆ ತಟ್ಟಿ ಕೆಳಗೆ ಕರೆದರು. ಬ್ಯಾಟನ್ ಹೇಗೆ ತಗೋತೀಯ, ತೋರಿಸು ಅಂದರು. ಅವನು ಮುನಿಸಿನಲ್ಲೇ ತೋರಿಸಿದ. ಕೈ ಹಿಂದಕ್ಕೆ ಚಾಚಿ, ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. ನಾನು ವರ್ಷಗಟ್ಟಲೆ ಬೈದರೂ ಬಿಡದ ಚಾಳಿ ಅದು. ಸಣ್ಣ ರಿಲೇಯಲ್ಲಿ ತಗೊಳ್ಳುವವನು ಹಿಂದೆ ನೋಡಬಾರದು. ಹಿಂದಿನಿಂದ ಬರುವವನು "ಕೈ!" ಅಂತ ಕೂಗುತ್ತಾನೆ, ಆಗ ಕೈ ಹಿಂದಕ್ಕೆ ಹೋಗಬೇಕು, ಅಷ್ಟೇ. ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಕೈ ಅಲ್ಲಾಡುತ್ತದೆ, ವೇಗವೂ ಹೋಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು. "ನಮ್ ನಾಟಕದಲ್ಲೂ ಹಿಂಗೇ ಮಗ. ನಿನ್ ಹಿಂದೆ ನಿಂತಿರೋನು ಮಾತಾಡ್ತಾನೆ. ಅವನ ಕೊನೇ ಮಾತು ಬಿದ್ದ ತಕ್ಷಣ ನಿಂದು ಎತ್ಕೋಬೇಕು. ತಿರುಗಿ ನೋಡಿದ್ಯೋ, ಜನಕ್ಕೆ ಗೊತ್ತಾಗೋಗುತ್ತೆ, ಇವನು ಕಾಯ್ತಾ ಅವ್ನೆ ಅಂತ. ಕಿವಿ ಕೊಡು, ಕಣ್ಣು ಕೊಡಬೇಡ."

ನ್ಯೂಸ್ ಪೇಪರ್ ಸುರುಳಿ ಸುತ್ತಿದರು. ಬೋಗಿಯ ಓಣಿಯಲ್ಲಿ ನಾಲ್ಕೂ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಹಿಂದಿನವನು ಒಂದು ಡೈಲಾಗ್ ಹೇಳಬೇಕು, ಡೈಲಾಗಿನ ಕೊನೇ ಪದಕ್ಕೆ ಮುಂದಿನವನ ಕೈ ಹಿಂದಕ್ಕೆ ಬರಬೇಕು. ಡೈಲಾಗೂ ಅವರೇ ಕೊಟ್ಟರು, ದುರ್ಯೋಧನನದು. ಇಡೀ ಬೋಗಿ ಎದ್ದು ಕೂತು ನೋಡಿತು. ಟಿಟಿಇ ಬಂದು, ಟಿಕೆಟ್ ಕೇಳೋದು ಬಿಟ್ಟು, ಸೈಡ್ ಬರ್ತ್ ಮೇಲೆ ಕೂತುಬಿಟ್ಟರು. ಹಾವೇರಿ ಬರುವ ಹೊತ್ತಿಗೆ ಹುಡುಗರು ನಗುತ್ತಿದ್ದರು. ಚಪಾತಿ ಖಾಲಿಯಾಗಿತ್ತು.

ಅವರು ಇಳಿದಿದ್ದು ದಾವಣಗೆರೆಯಲ್ಲಿ. ಮಕ್ಕಳೆಲ್ಲ ನಿದ್ದೆ ಹೋಗಿದ್ದರು. ಚೀಲ ಹಿಡಿದುಕೊಂಡು ನಾನೂ ಬಾಗಿಲವರೆಗೆ ಹೋದೆ. ಪ್ಲಾಟ್‌ಫಾರಂನಲ್ಲಿ ಮಫ್ಲರ್ ಬಿಚ್ಚಿದರು. ಟೀ ಮಾರುತ್ತಿದ್ದವನು ಕೆಟಲ್ ಕೆಳಗಿಟ್ಟು ಸೀದಾ ಕಾಲಿಗೆ ಬಿದ್ದ. ಆಗ ನನಗೆ ಮುಖವೂ ಧ್ವನಿಯೂ ಒಂದಾದವು. ಅವರ ಹತ್ತಾರು ಸಿನಿಮಾ ನೋಡಿದ್ದೇನೆ. ಬಾಯಿ ತೆರೆದು ನಿಂತಿದ್ದ ನನ್ನನ್ನು ನೋಡಿ ಅವರು ನಕ್ಕರು. "ಮಕ್ಕಳಿಗೆ ಹೇಳ್ಬೇಡಿ ಮೇಷ್ಟ್ರೇ. ಯಾರೋ ಅಜ್ಜ ಅಂದ್ಕೊಂಡಿರ್ಲಿ. ಯಾರು ಅಂತ ಗೊತ್ತಾದ್ರೆ, ಹೇಳಿದ್ದು ಮರೆತೋಗುತ್ತೆ."

ಹೇಳಲ್ಲ ಅಂದೆ. ಇವತ್ತಿಗೂ ಹೇಳಿಲ್ಲ, ಆದ್ದರಿಂದ ಇಲ್ಲೂ ಅವರ ಹೆಸರಿಲ್ಲ. ಆ ನಾಲ್ವರಲ್ಲಿ ಒಬ್ಬ ಈಗ ಪೊಲೀಸ್ ಇಲಾಖೆಯಲ್ಲಿದ್ದಾನೆ. ಸಿಕ್ಕಾಗಲೆಲ್ಲ "ಸಾರ್, ಆ ರೈಲಿನ ಅಜ್ಜ" ಅನ್ನುತ್ತಾನೆ. ಅಜ್ಜನ ಸಿನಿಮಾಗಳನ್ನು ಅವನೂ ನೋಡಿರಲೇಬೇಕು.

ಆ ರಾತ್ರಿ ಯೋಚಿಸಿದೆ. ಅವರು ಹತ್ತಿದಾಗಲೇ ನನಗೆ ಗುರುತು ಸಿಕ್ಕಿದ್ದರೆ ಏನಾಗುತ್ತಿತ್ತು? ಕೈಮುಗಿದು ನಿಲ್ಲುತ್ತಿದ್ದೆ. ಮಕ್ಕಳನ್ನು ಎಬ್ಬಿಸಿ ಸಾಲಾಗಿ ಕಾಲಿಗೆ ಬೀಳಿಸುತ್ತಿದ್ದೆ. ಪೇಪರ್ ಸುರುಳಿ ಸುತ್ತುವ ಪ್ರಮೇಯವೇ ಬರುತ್ತಿರಲಿಲ್ಲ.

ನನಗೆ ನಿಜವಾಗಿ ಭೇಟಿಯಾಗಬೇಕು ಅನ್ನಿಸುವ ಫೇಮಸ್ ಮನುಷ್ಯ ಒಬ್ಬರೇ. ಅವರನ್ನು ನಾನು ನೋಡಿಲ್ಲ. ಅವರೂ ನನ್ನ ಹಾಗೆ ಕ್ರೈಸ್ತ, ನನ್ನ ಹಾಗೆ ಮೇಷ್ಟ್ರು, ನನ್ನ ಹಾಗೆ ಓಟದ ಕೋಚು. ಅಲ್ಲಿಗೆ ಹೋಲಿಕೆ ಮುಗಿಯಿತು. ಹೆಸರು ಬ್ರದರ್ ಕಾಲಮ್ ಓಕಾನಲ್.

ಐರ್ಲೆಂಡಿನವರು. ಪ್ಯಾಟ್ರಿಷಿಯನ್ ಬ್ರದರ್ಸ್ ಅನ್ನುವ ಸಭೆಗೆ ಸೇರಿದವರು. ನಮ್ಮ ಚೆನ್ನೈನ ಅಡಯಾರ್‌ನಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಸ್ಕೂಲು ನಡೆಸುವುದೂ ಅದೇ ಸಭೆ. ಬ್ರದರ್ ಅಂದರೆ ಫಾದರ್ ಅಲ್ಲ. ವ್ರತ ತೊಟ್ಟು ಸನ್ಯಾಸಿಯಾಗಿರುತ್ತಾರೆ, ಪೂಜೆ ಅರ್ಪಿಸುವುದಿಲ್ಲ. ಪಾಠ ಹೇಳೋದೇ ಅವರ ಕೆಲಸ. 1976ರಲ್ಲಿ ಕೀನ್ಯಾದ ಈಟೆನ್ ಅನ್ನುವ ಊರಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ ಭೂಗೋಳ ಕಲಿಸಲು ಹೋದರು. ಸ್ವಲ್ಪ ಕಾಲ ಇದ್ದು ಬರೋಣ ಅಂತ ಹೋದವರು ವಾಪಸ್ ಬರಲೇ ಇಲ್ಲ. ಈಟೆನ್ ಇರೋದು ರಿಫ್ಟ್ ಕಣಿವೆಯ ಅಂಚಿನಲ್ಲಿ, ಸುಮಾರು 2400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ.

ಅವರಿಗೆ ಓಟದ ಗಂಧಗಾಳಿ ಇರಲಿಲ್ಲ. ಆ ಸ್ಕೂಲಿನಲ್ಲಿ ಆಗ ಮಕ್ಕಳನ್ನು ಓಡಿಸುತ್ತಿದ್ದವರು ಪೀಟರ್ ಫಾಸ್ಟರ್ ಅನ್ನುವ ಇಂಗ್ಲೆಂಡಿನ ಮೇಷ್ಟ್ರು. ಮಾಂಟ್ರಿಯಲ್ ಒಲಿಂಪಿಕ್ಸ್‌ನ ಹತ್ತು ಸಾವಿರ ಮೀಟರ್‌ನಲ್ಲಿ ಕಂಚು ಗೆದ್ದ ಬ್ರೆಂಡನ್ ಫಾಸ್ಟರ್ ಇದ್ದಾರಲ್ಲ, ಅವರ ತಮ್ಮ. ಪೀಟರ್ ಫಾಸ್ಟರ್ ಊರಿಗೆ ಹೊರಟಾಗ ಕೆಲಸ ಈ ಬ್ರದರ್ ತಲೆಗೆ ಬಂತು. ಸ್ಕೂಲುಗಳಲ್ಲಿ ಹೀಗೇ ಆಗೋದು. ನನಗೂ ಪಿ.ಟಿ. ಜೊತೆ ಆರು ವರ್ಷ ಸ್ಕೌಟ್ಸ್ ಕೊಟ್ಟಿದ್ದರು, ಗಂಟು ಹಾಕೋಕೆ ಬರದಿದ್ದರೂ.

ಬ್ರದರ್ ಏನು ಮಾಡಿದರು? ಮಕ್ಕಳು ಓಡೋದನ್ನು ನೋಡುತ್ತಾ ಕೂತರು. ತನಗೆ ಗೊತ್ತಿಲ್ಲ ಅನ್ನೋದು ಗೊತ್ತಿದ್ದದ್ದೇ ಅವರಿಗೆ ದೊಡ್ಡ ಅನುಕೂಲವಾಯಿತು ಅನ್ನಿಸುತ್ತದೆ. ನಾವು ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡು ಬಂದವರು. ಮೊದಲ ದಿನವೇ ವಿಷಲ್ ಊದುತ್ತೇವೆ.

ಆ ಸ್ಕೂಲಿನ ಹುಡುಗ ಇಬ್ರಾಹಿಂ ಹುಸೇನ್ 1987ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ, 1988ರಲ್ಲಿ ಬಾಸ್ಟನ್. ಅದೇ 1988ರಲ್ಲಿ ಸೋಲ್ ಒಲಿಂಪಿಕ್ಸ್. 1500 ಮೀಟರ್ ಫೈನಲ್ ನಾನು ದೂರದರ್ಶನದಲ್ಲಿ ನೋಡಿದ್ದೆ. ಯಾರಿಗೂ ಹೆಸರು ಗೊತ್ತಿಲ್ಲದ 21 ವರ್ಷದ ಪೀಟರ್ ರೋನೋ ಮುಂದೆ ನುಗ್ಗಿ ಕೊನೆವರೆಗೂ ಬಿಟ್ಟುಕೊಡಲಿಲ್ಲ. ಅವನೂ ಈಟೆನ್‌ನ ಅದೇ ಸ್ಕೂಲು. ಆಮೇಲೆ ವಿಲ್ಸನ್ ಕಿಪ್‌ಕೆಟರ್ ಬಂದ. ಅವನು ಡೆನ್ಮಾರ್ಕ್‌ಗೆ ಹೋಗಿ ನೆಲೆಸಿ, 1997ರಲ್ಲಿ 800 ಮೀಟರನ್ನು 1 ನಿಮಿಷ 41.11 ಸೆಕೆಂಡಿನಲ್ಲಿ ಓಡಿದ. ಆ ದಾಖಲೆ ಹದಿಮೂರು ವರ್ಷ ಅಲ್ಲಾಡಲಿಲ್ಲ. 2010ರಲ್ಲಿ ಮುರಿದವನು ಡೇವಿಡ್ ರುಡೀಶಾ. ಅವನನ್ನು ಪಳಗಿಸಿದ್ದೂ ಅದೇ ಭೂಗೋಳದ ಮೇಷ್ಟ್ರು! ರುಡೀಶಾ ಹುಡುಗನಾಗಿದ್ದಾಗ ಡೆಕಾಥ್ಲಾನ್, 400 ಮೀಟರ್ ಅಂತ ಓಡಾಡುತ್ತಿದ್ದ. ಬ್ರದರ್ ಅವನನ್ನು 800ಕ್ಕೆ ತಿರುಗಿಸಿದರು.

ಲಂಡನ್ 2012ರ ಆ ಫೈನಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರಲ್ಲ. ಮುಂದೆ ಎಳೆದುಕೊಂಡು ಹೋಗಲು ಪೇಸ್‌ಮೇಕರ್ ಇಲ್ಲ. ರುಡೀಶಾ ಮೊದಲಿನಿಂದ ಕೊನೆವರೆಗೆ ತಾನೇ ಮುಂದೆ ಓಡಿ 1 ನಿಮಿಷ 40.91 ಸೆಕೆಂಡಿಗೆ ಮುಗಿಸಿದ. ಹಿಂದಿದ್ದವರೆಲ್ಲ ಆ ವೇಗಕ್ಕೆ ಸಿಕ್ಕಿಕೊಂಡು ಓಡಿದರು. ಕೊನೆಯಲ್ಲಿ ಬಂದ ಎಂಟನೆಯವನ ಟೈಮಿಂಗ್ 1:43.77. ಅದು ಹಿಂದಿನ ಮೂರು ಒಲಿಂಪಿಕ್ಸ್‌ನಲ್ಲೂ ಚಿನ್ನ ಗೆಲ್ಲುವ ಟೈಮಿಂಗ್. ಕೋಚ್‌ಗಳು ಇದನ್ನು ಒಬ್ಬರಿಗೊಬ್ಬರು ದೇವರ ಮಹಿಮೆಯ ಹಾಗೆ ಹೇಳಿಕೊಳ್ಳುತ್ತಾರೆ.

ಸೇಂಟ್ ಪ್ಯಾಟ್ರಿಕ್ಸ್ ಸ್ಕೂಲಿನ ಅಂಗಳದಲ್ಲಿ ದೊಡ್ಡ ಸಾಧನೆ ಮಾಡಿದ ಹಳೇ ವಿದ್ಯಾರ್ಥಿಗಳ ಹೆಸರಿನಲ್ಲಿ ಮರಗಳಿವೆ. ಆ ಮರಗಳ ಫೋಟೋ ಮೊದಲ ಸಲ ನೋಡಿದಾಗ ನನಗೆ ಹೊಳೆದಿದ್ದು ಇದು. ಈ ಬ್ರದರ್ ನಮ್ಮ ಕಾಲದಲ್ಲಿ ಅತಿ ಹೆಚ್ಚು ಫೇಮಸ್ ಓಟಗಾರರನ್ನು ಭೇಟಿಯಾದ ಮನುಷ್ಯ ಇರಬಹುದು. ಆದರೆ ಭೇಟಿಯಾದ ದಿನ ಅವರಲ್ಲಿ ಒಬ್ಬರೂ ಫೇಮಸ್ ಆಗಿರಲಿಲ್ಲ. ಹೋಂವರ್ಕ್ ಮಾಡದೆ ಬಂದ, ಮಂಡಿ ತರಚಿದ ಹುಡುಗರು. ಕೋಚ್‌ಗೆ ಇರೋ ಅದೃಷ್ಟವೂ ಅದೇ, ಅಪಾಯವೂ ಅದೇ. ನಮ್ಮ ಮುಂದೆ ಬಂದು ನಿಂತಾಗ ಅವರ ಹಣೆ ಮೇಲೆ ಏನೂ ಬರೆದಿರಲ್ಲ.

ಈಗ ಭಾನುವಾರದ ತಿಕ್ಕಾಟ.

ಭಾನುವಾರ ಮೀಟ್ ಇಟ್ಟರೆ ಪೂಜೆ ತಪ್ಪುತ್ತಿತ್ತು. ಮೊದಮೊದಲು ನಾನು ಹಟ ಮಾಡಿದೆ. ಎರಿಕ್ ಲಿಡೆಲ್ ಕಥೆ ಕ್ರೈಸ್ತ ಓಟಗಾರರಿಗೆಲ್ಲ ಗೊತ್ತಿರುವಂಥದ್ದು. ಸ್ಕಾಟ್ಲೆಂಡಿನ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು ಅಂತ ಓಡಲಿಲ್ಲ. ಬದಲಿಗೆ 400 ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಾನು ಅವರನ್ನೇ ಹಿಡಿದುಕೊಂಡು ಪ್ರಿನ್ಸಿಪಾಲರ ಹತ್ತಿರ ವಾದ ಮಾಡಿದ್ದೆ. ಸಿಸ್ಟರ್ ಅವರು. ಸಮಾಧಾನವಾಗಿ ಕೇಳಿಸಿಕೊಂಡು, "ಶನಿವಾರ ಸಂಜೆ ಪೂಜೆ ಇದೆಯಲ್ಲ ಮಾಸ್ಟ್ರೇ, ಅಲ್ಲಿಗೆ ಹೋಗಿ" ಅಂದರು.

ಲಿಡೆಲ್ ಕಥೆಯ ಉಳಿದರ್ಧ ನನಗೆ ಆಗ ಗೊತ್ತಿರಲಿಲ್ಲ. ಚಿನ್ನ ಗೆದ್ದ ಮರುವರ್ಷವೇ ಅವರು ಚೀನಾಕ್ಕೆ ಮಿಷನರಿಯಾಗಿ ಹೋದರು. ಹುಟ್ಟಿದ್ದೂ ಅಲ್ಲೇ, ಟಿಯಾಂಜಿನ್‌ನಲ್ಲಿ. ಯುದ್ಧ ಬಂತು. ಹೆಂಡತಿ ಮಕ್ಕಳನ್ನು ಕೆನಡಾಕ್ಕೆ ಕಳಿಸಿದರು. ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿಯರು ಅವರನ್ನು ವೈಶೀನ್ ಅನ್ನುವ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ತಂದೆ-ತಾಯಿಯಿಂದ ದೂರವಾದ ಸ್ಕೂಲು ಮಕ್ಕಳೂ ಇದ್ದರು. ಅವರಿಗೆಲ್ಲ ಇವರು ಅಂಕಲ್ ಎರಿಕ್. ಪಾಠ ಹೇಳುತ್ತಿದ್ದರು, ಆಟ ಆಡಿಸುತ್ತಿದ್ದರು. ಮುರಿದ ಹಾಕಿ ಸ್ಟಿಕ್‌ಗಳಿಗೆ ಹಾಸಿಗೆ ಬಟ್ಟೆ ಹರಿದು ಸುತ್ತಿ ರಿಪೇರಿ ಮಾಡುತ್ತಿದ್ದರು. ಮೊದಲು ಭಾನುವಾರ ಆಟ ಇಲ್ಲ ಅಂದಿದ್ದರು. ಮಕ್ಕಳು ತಾವೇ ಭಾನುವಾರ ಹಾಕಿ ಆಡಿ, ರೆಫರಿ ಇಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ರೆಫರಿಯಾಗಿ ನಿಂತವರು ಲಿಡೆಲ್!

ಒಲಿಂಪಿಕ್ಸ್‌ಗೆ ಕೊಡದ ಭಾನುವಾರವನ್ನು ಮಕ್ಕಳ ಜಗಳಕ್ಕೆ ಕೊಟ್ಟರು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮಡಚಿಟ್ಟು ಕೂತಿದ್ದೆ. ಪ್ರಿನ್ಸಿಪಾಲ್ ಸಿಸ್ಟರ್ ಮುಖ ನೆನಪಾಯಿತು.

ಅದೇ ಶಿಬಿರದಲ್ಲಿ ಒಬ್ಬ ಹುಡುಗನ ಶೂ ಪೂರ್ತಿ ಸವೆದುಹೋಗಿತ್ತು. ಚಳಿಗಾಲ ಬೇರೆ. ಲಿಡೆಲ್ ತಮ್ಮ ಹಳೇ ರನ್ನಿಂಗ್ ಶೂಗಳನ್ನು ದಾರದಿಂದ ಹೊಲಿದು ಅವನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. 43 ವರ್ಷ. ಹುಡುಗನಿಗೆ ಆಗ ಅದು ಒಲಿಂಪಿಕ್ ಚಾಂಪಿಯನ್‌ನ ಶೂ ಅನ್ನೋದಕ್ಕಿಂತ, ಕಾಲು ಬೆಚ್ಚಗಾಯಿತು ಅನ್ನೋದೇ ಮುಖ್ಯ ಆಗಿತ್ತೇನೋ. ದೊಡ್ಡವನಾದ ಮೇಲೆ ಅವನು ಜಪಾನಿಗೇ ಮಿಷನರಿಯಾಗಿ ಹೋದ. ತನ್ನನ್ನು ಕೂಡಿಹಾಕಿದವರ ದೇಶಕ್ಕೇ.

ನಮ್ಮ ಚರ್ಚಿನಲ್ಲಿ ಪಾಸ್ಕ ಹಬ್ಬದ, ಅಂದರೆ ಈಸ್ಟರ್ ದಿನಗಳಲ್ಲಿ ಎಮ್ಮಾಹು ದಾರಿಯ ಪ್ರಸಂಗ ಓದುತ್ತಾರೆ. ಯೇಸು ಶಿಲುಬೆಯಲ್ಲಿ ಸತ್ತು ಮೂರನೇ ದಿನ. ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾಹು ಅನ್ನುವ ಹಳ್ಳಿಗೆ ಬೇಜಾರಿನಲ್ಲಿ ನಡೆದು ಹೋಗುತ್ತಿದ್ದಾರೆ. ಯಾರೋ ಬಂದು ಜೊತೆಯಾಗುತ್ತಾರೆ. ದಾರಿಯುದ್ದಕ್ಕೂ ಮಾತು. ಊಟಕ್ಕೆ ಕೂತು ರೊಟ್ಟಿ ಮುರಿದಾಗಲೇ ಇವರಿಗೆ ಗುರುತು ಸಿಗೋದು. ಗುರುತು ಸಿಕ್ಕ ಕ್ಷಣಕ್ಕೇ ಅವರು ಮಾಯ. ಒಂದು ಸಲ ಫಾದರ್ ಪ್ರಸಂಗ ಮಾಡುತ್ತಾ, ಮೂಲ ಗ್ರೀಕಿನಲ್ಲಿ ಆ ದೂರವನ್ನು ಅರವತ್ತು ಸ್ಟೇಡಿಯಾ ಅಂತ ಬರೆದಿದೆ ಅಂದರು. ಬೆಂಚಿನಲ್ಲಿ ತೂಕಡಿಸುತ್ತಿದ್ದವನು ಎದ್ದು ಕೂತೆ. ಸ್ಟೇಡಿಯಾ ಅಂದರೆ ನಮ್ಮ ಸ್ಟೇಡಿಯಂ ಅಲ್ವಾ! ಹಳೇ ಒಲಿಂಪಿಯಾದಲ್ಲಿ ಟ್ರ್ಯಾಕಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಓಟ, ಅದೇ ಒಂದು ಸ್ಟೇಡಿಯನ್, ಸುಮಾರು 192 ಮೀಟರ್. ಅಳತೆ ಊರಿಂದೂರಿಗೆ ಸ್ವಲ್ಪ ಬೇರೆ. ಅರವತ್ತು ಅಂದರೆ ಹತ್ತಿರ ಹತ್ತಿರ 11 ಕಿಲೋಮೀಟರ್. ನಡೆದರೆ ಎರಡೂವರೆ ಗಂಟೆ. ಅಷ್ಟು ಹೊತ್ತು ಪಕ್ಕದಲ್ಲೇ ಇದ್ದರೂ ಗೊತ್ತಾಗಲಿಲ್ಲ ಅಂದರೆ ಎಂಥ ಕುರುಡು ಅಂತ ಎಲ್ಲರ ಹಾಗೆ ನಾನೂ ಅಂದುಕೊಳ್ಳುತ್ತಿದ್ದೆ.

ನನ್ನದು ಅದಕ್ಕಿಂತ ಕಡಿಮೆ ದೂರ. ನಲವತ್ತು ಮೀಟರ್.

2006ರ ಏಪ್ರಿಲ್. ನಮ್ಮ ಗ್ರೌಂಡಿನಲ್ಲಿ ಬೇಸಿಗೆ ಶಿಬಿರಕ್ಕೆ ಆಯ್ಕೆ. ಇಪ್ಪತ್ತನಾಲ್ಕು ಮಕ್ಕಳಿಗೆ ಊಟ, ವಸತಿ ಎಲ್ಲ ಫ್ರೀ. ಹನ್ನೊಂದೂವರೆಗೆ ಆಯ್ಕೆ ಮುಗಿದು ಲಿಸ್ಟ್ ಹಾಕಿದ್ದೆ. ಟೇಪ್ ಸುತ್ತಿ, ಕ್ಲ್ಯಾಪರ್ ಚೀಲಕ್ಕೆ ಹಾಕುವಾಗ ಒಬ್ಬ ಅಜ್ಜಿ, ಜೊತೆಗೆ ಹತ್ತು-ಹನ್ನೊಂದರ ಮೊಮ್ಮಗಳು ಬಂದರು. ಹನೂರಿನ ಕಡೆಯವರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಹುಡುಗಿ ಲಂಗ ಹಾಕಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಟಾರು ಕಾದಿತ್ತೇನೋ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕೊಕ್ಕರೆ ಹಾಗೆ ನಿಂತಿದ್ದಳು.

"ಒಂದ್ಸಲ ಓಡ್ಸಿ ನೋಡಿ ಸ್ವಾಮಿ," ಅಂದರು ಅಜ್ಜಿ.

ಲಿಸ್ಟ್ ಆಗೋಯ್ತು ಅಜ್ಜಿ, ಮುಂದಿನ ವರ್ಷ ಬೇಗ ಬನ್ನಿ ಅಂದೆ. ಅದು ಸುಳ್ಳೂ ಅಲ್ಲ. ಆದರೆ ಅರವತ್ತು ಮೀಟರ್ ಓಡಿಸೋಕೆ ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು. ನಿಜ ಹೇಳಬೇಕು ಅಂದರೆ ನನಗೆ ಅವಸರ ಇತ್ತು. ಹೆಂಡತಿಯ ತಂಗಿ ಮಗುವಿಗೆ ಅವತ್ತು ಜ್ಞಾನಸ್ನಾನ, ಹನ್ನೆರಡೂವರೆಗೆ ಊಟ. ಹುಡುಗಿಗೆ ಒಂದು ಬಿಸ್ಕೆಟ್ ಪ್ಯಾಕೆಟ್ ಕೊಟ್ಟೆ. ಅಜ್ಜಿ ಏನೂ ಅನ್ನಲಿಲ್ಲ. ಇಂಥದ್ದಕ್ಕೆ ಒಗ್ಗಿದವರು.

ಇಬ್ಬರೂ ಗೇಟು ದಾಟಿದರು. ನಾನು ಸ್ಕೂಟರ್ ಕಿಕ್ ಮಾಡುತ್ತಿದ್ದೆ. ಸ್ಟಾಪಿನಿಂದ ಬಸ್ಸು ಹೊರಟುಬಿಟ್ಟಿತು. ಅಜ್ಜಿ "ಅಯ್ಯೋ" ಅಂದರು. ಹುಡುಗಿ ಬಿಸ್ಕೆಟ್ ಪ್ಯಾಕೆಟ್ ಅಜ್ಜಿ ಕೈಗೆ ತುರುಕಿ, ಎಡಗೈಯಲ್ಲಿ ಲಂಗ ಎತ್ತಿ ಹಿಡಿದು, ಬಲಗೈ ಮೇಲೆ ಮಾಡಿ ಓಡಿದಳು. ಹೆಚ್ಚೆಂದರೆ ನಲವತ್ತು ಮೀಟರ್.

ಹಿಮ್ಮಡಿ ಒಂದು ಸಲವೂ ನೆಲಕ್ಕೆ ತಾಗಲಿಲ್ಲ. ತಲೆ ಅಲ್ಲಾಡಲಿಲ್ಲ. ಒಂದು ಕೈ ಕಟ್ಟಿಹಾಕಿದ ಹಾಗಿದ್ದರೂ ಸೊಂಟ ಕುಸಿಯಲಿಲ್ಲ. ಇದನ್ನು ಕಲಿಸಲು ನಮಗೆ ಮೂರು ವರ್ಷ ಹಿಡಿಯುತ್ತದೆ, ಕೆಲವರಿಗೆ ಕೊನೆವರೆಗೂ ಬರಲ್ಲ. ಅವಳು ಬಸ್ಸಿನ ಪಕ್ಕೆ ತಟ್ಟಿದಳು. ಬಸ್ಸು ನಿಂತಿತು. ಅಜ್ಜಿ ಹತ್ತಿದರು. ನಾನು ಸ್ಕೂಟರ್ ಬಿಟ್ಟು "ಏ ಮಗು" ಅಂತ ಕೂಗಿಕೊಂಡು ರಸ್ತೆಗೆ ಓಡಿದೆ. ಬಸ್ಸಿನ ಹಿಂದೆ ಧೂಳು ಮಾತ್ರ ಇತ್ತು. ಹೆಸರು ಕೇಳಿರಲಿಲ್ಲ. ಊರು ಕೇಳಿರಲಿಲ್ಲ. ಹನೂರಿನ ಕಡೆ ಅಂದರೆ ಎಷ್ಟು ಹಳ್ಳಿ! ಮುಂದಿನ ವರ್ಷ ಕಾದೆ. ಬರಲಿಲ್ಲ.

ಹನ್ನೆರಡು ವರ್ಷ ಆದ ಮೇಲೆ ಕಂಠೀರವದಲ್ಲಿ ಒಂದು ಮೀಟ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ವಾರ್ಮ್ ಅಪ್ ಜಾಗದಲ್ಲಿ ಗುಂಪು. ನೀಲಿ ಟ್ರ್ಯಾಕ್‌ಸೂಟಿನ ಹುಡುಗಿ, ಬೆನ್ನ ಮೇಲೆ ಇಂಡಿಯಾ ಅಂತ ಇತ್ತು. ಮಕ್ಕಳು ಸೆಲ್ಫಿಗೆ ಮುಗಿಬಿದ್ದಿದ್ದರು. ನಾನು ಮುಖ ನೋಡಲಿಲ್ಲ. ಗುಂಪು ಚದುರಿ ಅವಳು ಸ್ಟ್ರೈಡ್ಸ್ ಓಡಲು ಶುರು ಮಾಡಿದಾಗ ಹಿಮ್ಮಡಿ ನೋಡಿದೆ. ಎದೆ ಧಸಕ್ ಅಂತು.

ಹೋಗಿ ಮಾತಾಡಿಸಿದೆ. "ಹನೂರಿನ ಕಡೆಯವಳಾ ಅಮ್ಮ?" ಹೌದು ಸಾರ್ ಅಂದಳು. ಮೈಸೂರು, ಬೇಸಿಗೆ ಶಿಬಿರ, ಅಜ್ಜಿ, ಬಸ್ಸು ಎಲ್ಲ ಹೇಳಿದೆ. ನನ್ನದೇ ತಪ್ಪು ಅಂತಲೂ ಹೇಳಿದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡಳು. ನೆನಪಿಸಿಕೊಳ್ಳಲು ನಿಜವಾಗಿ ಪ್ರಯತ್ನಪಟ್ಟಳು, ಹುಬ್ಬು ಗಂಟಾಗಿದ್ದು ಕಾಣುತ್ತಿತ್ತು.

"ಇಲ್ಲ ಸಾರ್, ಜ್ಞಾಪಕ ಬರ್ತಿಲ್ಲ. ಅಜ್ಜಿ ಅಂಥ ಎಷ್ಟೋ ಕಡೆ ಕರ್ಕೊಂಡೋಗಿದ್ರು."

ಹನ್ನೆರಡು ವರ್ಷ ನಾನು ಹೊತ್ತುಕೊಂಡು ತಿರುಗಿದ ದಿನ ಅವಳ ಪಾಲಿಗೆ ಲೆಕ್ಕಕ್ಕೇ ಇಲ್ಲದ ಒಂದು ದಿನ. ನಕ್ಕೆನೋ ಏನೋ. ಅಜ್ಜಿ ಹೇಗಿದ್ದಾರೆ ಅಂತ ಕೇಳಿದೆ. ಹೋದ ವರ್ಷ ತೀರಿಕೊಂಡರಂತೆ.

ಅವಳು ಸ್ಟಾರ್ಟಿಂಗ್ ಬ್ಲಾಕ್ ಎತ್ತಿಕೊಂಡು ಬಂದು ಲೈನಿನ ಹಿಂದೆ ಇಟ್ಟಳು. ಅಡಿಯ ಮುಳ್ಳು ಸವೆದಿತ್ತು. ಕಾಲಿಟ್ಟು ಒತ್ತಿದರೆ ಹಿಂದಕ್ಕೆ ಜಾರುತ್ತಿತ್ತು. ಆಚೀಚೆ ನೋಡಿದಳು.

"ಸಾರ್, ಸ್ವಲ್ಪ ಹಿಂದೆ ಕಾಲಿಟ್ಟು ನಿಂತ್ಕೋತೀರಾ? ಮೂರೇ ಸ್ಟಾರ್ಟ್."

ಚಪ್ಪಲಿ ಹಾಕಿದ್ದೆ. ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಿನಲ್ಲೇ ಬ್ಲಾಕಿನ ಹಿಂದೆ ಎರಡೂ ಪಾದ ಒತ್ತಿ ನಿಂತೆ. ಅವಳು ಬಗ್ಗಿ ಬೆರಳು ಊರಿದಳು. ಸೊಂಟ ಎತ್ತಿದಳು. ಬ್ಲಾಕು ನನ್ನ ಪಾದಕ್ಕೆ ಧಡ್ ಅಂತ ಗುದ್ದಿತು, ಅವಳು ಆಗಲೇ ಹತ್ತು ಮೀಟರ್ ಆಚೆ ಇದ್ದಳು.

ಮೂರು ಅಂದಿದ್ದಳು. ಆರು ಮಾಡಿದಳು.